ತಾಮ್ರದ ಗೆರೆಯೂ ಸಾಲದ ಅರ್ಜಿಯೂ

ಕಲ್ಯಾಣ, ಡೊಂಬಿವಲಿ, ಥಾಣೆಗಳಲ್ಲಿ ನೆಲೆಸಿರುವ ಕನ್ನಡಿಗನ ದಿನಚರಿಯು ಲೋಕಲ್ ಗಾಡಿಯೊಂದಿಗೆ ಆರಂಭವಾಗಿ ಲೋಕಲ್ ಗಾಡಿಯೊಂದಿಗೇ ಮುಗಿಯುತ್ತದೆ. ಬೆಳಗಿನ ನೂಕುನುಗ್ಗಲಿನಲ್ಲಿ ಕಾಲೂರಲು ಸ್ಥಳ ದೊರೆತೀತೇ ಎಂದು ಚಿಂತಿಸುವವನಿಗೆ ಆ ಕಾಲಡಿಯ ಹಲಗೆಯ ಕೆಳಗೆ ಏನು ನಡೆಯುತ್ತಿದೆ ಎಂಬ ಕುತೂಹಲ ಹುಟ್ಟಲು ವ್ಯವಧಾನವೆಲ್ಲಿ? ಆದರೂ ಹಳೆಯ ಪ್ರಯಾಣಿಕರ ಕಿವಿಗೆ ಒಂದು ವ್ಯತ್ಯಾಸ ತಿಳಿಯದೆ ಇಲ್ಲ. ಹಿಂದಿನ ಗಾಡಿಗಳು ನಿಲ್ದಾಣ ಬಿಡುವಾಗ ಮೆಟ್ಟಿಲು ಮೆಟ್ಟಿಲಾಗಿ ಜಗ್ಗುತ್ತ ಹೊರಡುತ್ತಿದ್ದವು. ಇಂದಿನವು ಸಂಗೀತಗಾರನು ಶ್ರುತಿ ಏರಿಸುವಂತೆ ಸಣ್ಣದೊಂದು ನಾದವನ್ನು ಏರಿಸುತ್ತ ಸಾಗುತ್ತವೆ.

ಈ ನಾದದ ಹಿಂದೆ ಒಂದು ಇತಿಹಾಸವಿದೆ. ಭಾರತದ ಪ್ರಥಮ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಬೋರಿಬಂದರಿನಿಂದ ಕುರ್ಲಾಕ್ಕೆ ಓಡಿತು. ಅಂದು ತಂತಿಯಲ್ಲಿ ಹರಿದದ್ದು 1,500 ವೋಲ್ಟಿನ ಏಕಮುಖ ವಿದ್ಯುತ್ತು. ಗಾಡಿಯ ವೇಗವನ್ನು ಹತೋಟಿಯಲ್ಲಿಡಲು ದೊಡ್ಡ ದೊಡ್ಡ ರೋಧಕಗಳನ್ನು ಅಳವಡಿಸಿ, ಹೆಚ್ಚಾದ ವಿದ್ಯುತ್ತನ್ನು ಶಾಖವಾಗಿ ಸುಟ್ಟುಬಿಡುವುದೇ ಆ ಕಾಲದ ಪದ್ಧತಿ. ಈ ವ್ಯವಸ್ಥೆ ತೊಂಬತ್ತು ವರ್ಷ ಬಾಳಿತು. 25,000 ವೋಲ್ಟಿನ ಪರ್ಯಾಯ ವಿದ್ಯುತ್ತಿಗೆ ಬದಲಾವಣೆಯು ಮಧ್ಯ ರೈಲ್ವೆಯ ಮುಖ್ಯ ಮಾರ್ಗದಲ್ಲಿ 2015ರಲ್ಲಿಯೂ, ಹಾರ್ಬರ್ ಮಾರ್ಗದಲ್ಲಿ 2016ರ ಏಪ್ರಿಲಿನಲ್ಲಿಯೂ ಪೂರ್ಣಗೊಂಡಿತು. ಇಂದಿನ ಗಾಡಿಯು ತಂತಿಯಿಂದ ಪಡೆದ ವಿದ್ಯುತ್ತನ್ನು ಇಳಿಸಿ, ಏಕಮುಖವಾಗಿಸಿ, ಪುನಃ ಬೇಕಾದ ವೇಗಕ್ಕೆ ತಕ್ಕ ಮೂರು ಫೇಸಿನ ವಿದ್ಯುತ್ತಾಗಿ ಕಡೆದು ಮೋಟಾರಿಗೆ ಉಣಿಸುತ್ತದೆ. ಈ ಕಡೆಯುವ ಕೆಲಸವನ್ನು ಮಾಡುವುದು ಐಜಿಬಿಟಿ ಎಂಬ ಅರೆವಾಹಕ ಸ್ವಿಚ್ಚುಗಳು. ಸೆಕೆಂಡಿಗೆ ನೂರಾರು ಸಾವಿರಾರು ಬಾರಿ ತೆರೆದು ಮುಚ್ಚುವ ಅವುಗಳ ಬಡಿತವೇ ಆ ಏರುನಾದ. ಬ್ರೇಕು ಹಾಕಿದಾಗ ಇದೇ ಸ್ವಿಚ್ಚುಗಳು ಗಾಡಿಯ ಚಲನಶಕ್ತಿಯನ್ನು ವಿದ್ಯುತ್ತಾಗಿಸಿ ತಂತಿಗೆ ಹಿಂದಿರುಗಿಸುತ್ತವೆ. ಸುಟ್ಟು ಕಳೆಯುತ್ತಿದ್ದ ಮೊತ್ತವು ಈಗ ಖಾತೆಗೆ ಜಮೆಯಾಗುತ್ತಿದೆ ಎಂದರೆ ವಾಣಿಜ್ಯ ಬಲ್ಲವರಿಗೆ ಕೂಡಲೇ ಅರ್ಥವಾದೀತು.

ಪವರ್ ಇಲೆಕ್ಟ್ರಾನಿಕ್ಸ್ ಎಂಬ ಈ ವಿದ್ಯೆಯು ರೈಲಿಗೆ ಮಾತ್ರ ಸೀಮಿತವಲ್ಲ. ಮನೆಯ ಎಲ್‌ಇಡಿ ದೀಪ, ಮೊಬೈಲಿನ ಚಾರ್ಜರು, ಇನ್ವರ್ಟರು, ಇಂಡಕ್ಷನ್ ಒಲೆ, ಹೊಸ ಬಗೆಯ ಸೀಲಿಂಗ್ ಫ್ಯಾನು, ಕಟ್ಟಡದ ಲಿಫ್ಟು, ಇವೆಲ್ಲವೂ ಅದೇ ಕುಲಕ್ಕೆ ಸೇರಿದವು. ಇವುಗಳಲ್ಲಿ ಎಷ್ಟೋ ಸಾಮಗ್ರಿಗಳು ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ, ಮಹಾಪೆಯ ಇಲೆಕ್ಟ್ರಾನಿಕ್ ವಲಯದಲ್ಲಿ, ರಬಾಳೆ ಹಾಗೂ ಡೊಂಬಿವಲಿಯ ಎಂಐಡಿಸಿ ಗಾಳೆಗಳಲ್ಲಿ ತಯಾರಾಗುತ್ತವೆ. ಹತ್ತು ಹದಿನೈದು ಮಂದಿ ದುಡಿಯುವ ಸಣ್ಣ ಕಾರ್ಖಾನೆಗಳವು. ಅಲ್ಲಿಯ ತಂತ್ರಜ್ಞರಲ್ಲಿ ಕನ್ನಡಿಗರ ಮಕ್ಕಳಿದ್ದಾರೆ. ಅವಕ್ಕೆ ಸಾಲ ನೀಡುವ ಬ್ಯಾಂಕುಗಳ ಮೇಜಿನ ಹಿಂದೆಯೂ ಕನ್ನಡಿಗರಿದ್ದಾರೆ. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯ ಬ್ಯಾಂಕುಗಳ ಕೈಹಿಡಿದು ಈ ಊರುಗಳಿಗೆ ಬಂದವರು ಅನೇಕರು. 2019 ಮತ್ತು 2020ರ ವಿಲೀನಗಳಲ್ಲಿ ಈ ನಾಲ್ಕರ ಪೈಕಿ ಮೂರು ಹೆಸರುಗಳು ಫಲಕದಿಂದ ಅಳಿದವಾದರೂ ಮೇಜುಗಳು ಉಳಿದಿವೆ. ಆದುದರಿಂದ ಮೇಜಿನ ಎರಡೂ ಬದಿಯವರು ಗಮನಿಸಬೇಕಾದ ಒಂದು ವಿಷಯವನ್ನು ಇಲ್ಲಿ ಪ್ರಸ್ತಾಪಿಸುವುದು ಅಪ್ರಸ್ತುತವಾಗಲಾರದು.

ವಿಷಯವಿದು. ಈ ಎಲ್ಲ ಉಪಕರಣಗಳ ಒಡಲಲ್ಲಿ ಹಸಿರು ಬಣ್ಣದ ಒಂದು ಹಲಗೆ ಇರುತ್ತದೆ. ಅದರ ಮೇಲೆ ತಾಮ್ರದ ಗೆರೆಗಳು ಮುದ್ರಿತವಾಗಿರುತ್ತವೆ. ಈ ಗೆರೆಗಳು ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ವಿದ್ಯುತ್ತನ್ನು ಒಯ್ಯುವ ಕಾಲುದಾರಿಗಳು ಮಾತ್ರ ಎಂಬ ಭಾವನೆಯು ಸಾರ್ವತ್ರಿಕವಾಗಿದೆ. ನಕ್ಷೆಯಲ್ಲಿ ಗೆರೆಗೆ ಬೆಲೆಯಿಲ್ಲ, ಹೆಸರಿಲ್ಲ. ಸಾಮಗ್ರಿಗಳ ಪಟ್ಟಿಯಲ್ಲಿಯೂ ಅದರ ಉಲ್ಲೇಖವಿಲ್ಲ. ವಾಸ್ತವದಲ್ಲಿ ಗೆರೆಯೂ ಒಂದು ಬಿಡಿಭಾಗವೇ, ಅದೂ ಹಲವು ವೇಳೆ ಇಡೀ ಹಲಗೆಯ ಅಳಿವು ಉಳಿವನ್ನು ನಿರ್ಧರಿಸುವ ಭಾಗ.

ಇದನ್ನು ಕೊಂಚ ವಿಸ್ತರಿಸಿ ಹೇಳಬೇಕಾಗುತ್ತದೆ. ವಿದ್ಯುತ್ತು ಹರಿಯುವ ಪ್ರತಿಯೊಂದು ಗೆರೆಯ ಸುತ್ತಲೂ ಕಾಂತಕ್ಷೇತ್ರವೊಂದು ಹುಟ್ಟುತ್ತದೆ. ಪ್ರವಾಹವನ್ನು ಥಟ್ಟನೆ ಬದಲಿಸಹೊರಟರೆ ಆ ಕ್ಷೇತ್ರವು ಪ್ರತಿಭಟಿಸುತ್ತದೆ. ಈ ಪ್ರತಿಭಟನೆಯ ಗುಣಕ್ಕೆ ಪ್ರೇರಕತ್ವವೆಂದು ಹೆಸರು. ಒಂದು ಸೆಂಟಿಮೀಟರ್ ಉದ್ದದ ಕಿರಿಯ ಗೆರೆಗೆ ಸುಮಾರು 8ರಿಂದ 10 ನ್ಯಾನೊಹೆನ್ರಿಯಷ್ಟು ಪ್ರೇರಕತ್ವವಿರುತ್ತದೆ. ನ್ಯಾನೊ ಎಂದರೆ ನೂರು ಕೋಟಿಯಲ್ಲೊಂದು ಪಾಲು. ಅಷ್ಟು ಅಲ್ಪವಾದುದನ್ನು ಲೆಕ್ಕಿಸುವುದೇಕೆ ಎನಿಸಬಹುದು. ಆದರೆ ಸ್ವಿಚ್ಚು ಮುಚ್ಚುವ ಸಮಯವೂ ಅದೇ ನ್ಯಾನೊಸೆಕೆಂಡುಗಳಲ್ಲಿದೆ! 20 ನ್ಯಾನೊಹೆನ್ರಿಯ ದಾರಿಯಲ್ಲಿ 100 ಆಂಪಿಯರ್ ಪ್ರವಾಹವು 20 ನ್ಯಾನೊಸೆಕೆಂಡಿನಲ್ಲಿ ನಿಂತುಹೋದರೆ ಅಲ್ಲಿ ಕ್ಷಣಮಾತ್ರ 100 ವೋಲ್ಟ್ ಹೆಚ್ಚುವರಿಯಾಗಿ ಪುಟಿದೇಳುತ್ತದೆ. ಮಂಡಲದ ಒತ್ತಡ 400 ವೋಲ್ಟ್ ಆಗಿದ್ದಲ್ಲಿ ಸ್ವಿಚ್ಚಿನ ಮೇಲೆ 500 ವೋಲ್ಟ್ ಬಿದ್ದಂತಾಯಿತು. 650 ವೋಲ್ಟ್ ತಾಳುವ ಸ್ವಿಚ್ಚು ಅದನ್ನು ಸಹಿಸೀತು. ಈಗ ಅದೇ ಹಲಗೆಯಲ್ಲಿ ಹಳೆಯ ಸ್ವಿಚ್ಚನ್ನು ತೆಗೆದು ಸಿಲಿಕಾನ್ ಕಾರ್ಬೈಡಿನ ಅಥವಾ ಗ್ಯಾಲಿಯಂ ನೈಟ್ರೈಡಿನ ಹೊಸ ಸ್ವಿಚ್ಚನ್ನು ಕೂಡಿಸಿ, ಅದು 5 ನ್ಯಾನೊಸೆಕೆಂಡಿನಲ್ಲಿ ಮುಚ್ಚುವಂತಾದರೆ ಪುಟಿಯುವ ಒತ್ತಡ 400 ವೋಲ್ಟಿಗೆ ಏರುತ್ತದೆ. ಒಟ್ಟು 800. ಗೆರೆ ಅದೇ, ವಿನ್ಯಾಸ ಅದೇ, ಬೆಲೆಬಾಳುವ ಹೊಸ ಸ್ವಿಚ್ಚು ಮಾತ್ರ ಭಸ್ಮ.

ಜಮಾಖರ್ಚಿನ ಪುಸ್ತಕ ಬರೆದವರಿಗೆ ಇನ್ನೊಂದು ಅಂಶ ಸುಲಭವಾಗಿ ಹೊಳೆಯುತ್ತದೆ. ಪ್ರತಿ ಖರ್ಚಿಗೂ ಎದುರು ಬದಿಯಲ್ಲಿ ಒಂದು ಜಮೆ ಇರಲೇಬೇಕು. ಹಾಗೆಯೇ ಹೊರಟ ಪ್ರವಾಹವು ಹೊರಟಲ್ಲಿಗೆ ಹಿಂದಿರುಗಲೇಬೇಕು. ಆದರೆ ಮಂಡಲದ ನಕ್ಷೆಯಲ್ಲಿ ಹೋಗುವ ದಾರಿಯನ್ನು ಸವಿಸ್ತಾರವಾಗಿ ಬರೆದು, ಬರುವ ದಾರಿಗೆ ಭೂಮಿಯ ಚಿಹ್ನೆಯೊಂದನ್ನು ಗೀಚಿ ಕೈತೊಳೆದುಕೊಳ್ಳುವುದು ರೂಢಿ. ಒಂದೇ ಬದಿ ಬರೆದ ಖಾತೆಯನ್ನು ಯಾವ ಲೆಕ್ಕಪರಿಶೋಧಕನು ಒಪ್ಪಿಯಾನು? ಹೋಗುವ ಬರುವ ದಾರಿಗಳು ಅಕ್ಕಪಕ್ಕದಲ್ಲಿದ್ದರೆ ಅವುಗಳ ಕ್ಷೇತ್ರಗಳು ಪರಸ್ಪರ ವಜಾ ಆಗುತ್ತವೆ. ದೂರವಾದಷ್ಟೂ ನಡುವಿನ ಬಳಸು ಹಿರಿದಾಗಿ, ಪ್ರೇರಕತ್ವ ಹೆಚ್ಚಿ, ಹಲಗೆಯೇ ಒಂದು ಪುಟ್ಟ ಆಕಾಶವಾಣಿ ಕೇಂದ್ರವಾಗಿ ಪ್ರಸಾರಕ್ಕೆ ತೊಡಗುತ್ತದೆ. ಒಂದು ಕಾಲದಲ್ಲಿ ರಾತ್ರಿಯ ಹೊತ್ತು ಮಧ್ಯಮ ತರಂಗದಲ್ಲಿ ಧಾರವಾಡ ಕೇಂದ್ರವನ್ನು ಹಿಡಿಯಲು ರೇಡಿಯೊದ ತಿರುಗುಣಿಯನ್ನು ಕೂದಲೆಳೆಯಷ್ಟು ತಿರುಗಿಸಿದವರು ಈ ಊರುಗಳಲ್ಲಿ ಎಷ್ಟೋ ಮಂದಿ. ಇಂದು ಅದೇ ರೇಡಿಯೊವನ್ನು ಅಗ್ಗದ ಎಲ್‌ಇಡಿ ದೀಪದ ಬಳಿ ಇಟ್ಟರೆ ಕೇಳಿಬರುವುದು ಗೊರಗೊರ ಸದ್ದು. 150 ಕಿಲೊಹರ್ಟ್ಸಿನಿಂದ 30 ಮೆಗಾಹರ್ಟ್ಸಿನವರೆಗೆ ತಂತಿಯ ಮೂಲಕ ಎಷ್ಟು ಕಲ್ಮಷ ಹೊರಬರಬಹುದೆಂದು ಅಂತರರಾಷ್ಟ್ರೀಯ ಮಾನಕಗಳು ಮಿತಿ ಹಾಕಿವೆ. ಮಧ್ಯಮ ತರಂಗವು ಸಂಪೂರ್ಣವಾಗಿ ಈ ವ್ಯಾಪ್ತಿಯೊಳಗೇ ಬೀಳುತ್ತದೆ.

ಹೀಗಿರುವಲ್ಲಿ ಹಲಗೆಯನ್ನು ಮಾಡಿಸಿ, ಸುಟ್ಟು, ತಿದ್ದಿ, ಮತ್ತೆ ಮಾಡಿಸಿ, ಮತ್ತೆ ಸುಡುವುದಕ್ಕಿಂತ ಗೆರೆಗಳ ವಿದ್ಯುತ್ಕಾಂತೀಯ ವರ್ತನೆಯನ್ನು ಮೊದಲೇ ಗಣಕದಲ್ಲಿ ಲೆಕ್ಕ ಹಾಕುವುದು ಲೇಸಲ್ಲವೇ? ಇದನ್ನೇ ವಿದ್ಯುತ್ಕಾಂತೀಯ ಪ್ರತಿರೂಪಣ ಎನ್ನುತ್ತಾರೆ. ಮ್ಯಾಕ್ಸ್‌ವೆಲ್ ಮಹಾಶಯನು 1865ರಲ್ಲಿ ಪ್ರಕಟಿಸಿದ ಸಮೀಕರಣಗಳೇ ಇದರ ಮೂಲಧನ. ಆದರೆ ಅಂಕುಡೊಂಕಾದ ತಾಮ್ರದ ಆಕಾರಗಳಿಗೆ ಆ ಸಮೀಕರಣಗಳನ್ನು ಕಾಗದದ ಮೇಲೆ ಬಿಡಿಸುವುದು ಅಸಾಧ್ಯವೆನ್ನಬೇಕು. ಆದ್ದರಿಂದ ಆಕಾರವನ್ನು ಸಹಸ್ರಾರು ತುಣುಕುಗಳಾಗಿ ಒಡೆದು, ಪ್ರತಿ ತುಣುಕು ಇನ್ನೊಂದರ ಮೇಲೆ ಬೀರುವ ಪ್ರಭಾವವನ್ನು ಗಣಕದಿಂದ ಕೂಡಿಸಬೇಕಾಗುತ್ತದೆ. ಐಬಿಎಂ ಸಂಸ್ಥೆಯ ಆಲ್ಬರ್ಟ್ ರೂಲಿ ಎಂಬವರು 1970ರ ದಶಕದ ಪೂರ್ವಾರ್ಧದಲ್ಲಿ ಪ್ರತಿ ತುಣುಕನ್ನೂ ಒಂದು ಪುಟ್ಟ ವಿದ್ಯುನ್ಮಂಡಲವನ್ನಾಗಿ ಕಾಣುವ ವಿಧಾನವನ್ನು ರೂಪಿಸಿದರು. 1982ರಲ್ಲಿ ಸದಾಶಿವ ರಾವ್, ವಿಲ್ಟನ್, ಗ್ಲಿಸನ್ ಎಂಬ ಮೂವರು ಯಾವುದೇ ವಕ್ರವಾದ ಲೋಹದ ಮೈಯನ್ನು ತ್ರಿಕೋನಗಳಾಗಿ ಹರಿದು ಪ್ರವಾಹವನ್ನು ಕಂಡುಹಿಡಿಯುವ ಮಾರ್ಗವನ್ನು ಪ್ರಕಟಿಸಿದರು. ಇಂದಿಗೂ ಜಗತ್ತಿನ ಹಲವು ಸಾಫ್ಟ್‌ವೇರುಗಳ ಗರ್ಭದಲ್ಲಿ ಕೆಲಸ ಮಾಡುತ್ತಿರುವುದು ಈ ತ್ರಿಕೋನಗಳೇ. ಈ ಸದಾಶಿವ ರಾವ್ ಅವರು ಸ್ನಾತಕೋತ್ತರ ಪದವಿ ಪಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಅದೇ ಸಂಸ್ಥೆಯಲ್ಲಿ ವಿದ್ಯುತ್ಕಾಂತೀಯ ಸಿದ್ಧಾಂತವನ್ನೂ ಮೈಕ್ರೊವೇವ್ ತಂತ್ರವನ್ನೂ ಬೋಧಿಸಿದ ರಾಜೇಶ್ವರಿ ಚಟರ್ಜಿಯವರು ನಮ್ಮ ನಾಡಿನವರೇ. 1922ರಲ್ಲಿ ಜನಿಸಿ 2010ರಲ್ಲಿ ಅಗಲಿದ ಅವರು ಹೆಣ್ಣುಮಕ್ಕಳಿಗೆ ಇಂಜಿನಿಯರಿಂಗಿನ ಬಾಗಿಲು ಅರ್ಧವೂ ತೆರೆಯದಿದ್ದ ಕಾಲದಲ್ಲಿ ಅಮೆರಿಕದ ಮಿಷಿಗನ್ನಿಗೆ ತೆರಳಿ ಡಾಕ್ಟರೇಟ್ ಗಳಿಸಿ ಮರಳಿದವರು. ವಿದ್ಯೆಗೆ ಬರಗಾಲವಿಲ್ಲ ಎನ್ನಲು ಇಷ್ಟು ಸಾಕು. ಬರಗಾಲವಿರುವುದು ವಾಗ್ಳೆ ಎಸ್ಟೇಟಿನ ಗಾಳೆಗೆ ಆ ವಿದ್ಯೆ ಇಳಿದುಬರುವ ಕಾಲುವೆಗೆ.

ಕಾರ್ಖಾನೆಯ ಯಜಮಾನನು ಇದಕ್ಕೆ ಎರಡು ಉತ್ತರಗಳನ್ನು ಕೊಡುತ್ತಾನೆ. ಇಪ್ಪತ್ತು ವರ್ಷ ಹಲಗೆ ಬಿಡಿಸಿದ ಕೈ ತನ್ನಲ್ಲಿದೆ, ಲೆಕ್ಕವೇಕೆ ಎಂಬುದು ಮೊದಲನೆಯದು. ಅನುಭವವನ್ನು ಹಳಿಯಲು ಯಾರಿಗೂ ಅಧಿಕಾರವಿಲ್ಲ. ಆದರೆ ಆ ಅನುಭವ ಕೂಡಿಬಂದದ್ದು ಸ್ವಿಚ್ಚುಗಳು ನಿಧಾನವಾಗಿದ್ದ ಕಾಲದಲ್ಲಿ. ವೇಗ ನಾಲ್ಕು ಪಟ್ಟು ಹೆಚ್ಚಿದಾಗ ಹಳೆಯ ಕೈಯಳತೆ ಎಲ್ಲಿ ತಪ್ಪುತ್ತದೆಂದು ಮೇಲಿನ ಲೆಕ್ಕವೇ ತೋರಿಸಿದೆ. ವಿದೇಶಿ ಕಂಪೆನಿಯ ಮಾದರಿ ಹಲಗೆಯನ್ನು ಇದ್ದ ಹಾಗೆಯೇ ಅನುಸರಿಸಿದರಾಯಿತು ಎಂಬುದು ಎರಡನೆಯ ಉತ್ತರ. ಇದು ಇನ್ನೂ ಅಪಾಯಕಾರಿ. ಮಾದರಿಯು ನಾಲ್ಕು ಪದರದ್ದಾಗಿದ್ದು ಹೋಗುವ ಬರುವ ತಾಮ್ರಗಳ ನಡುವೆ 0.2 ಮಿಲಿಮೀಟರ್ ಅಂತರವಿರಬಹುದು. ಖರ್ಚು ಉಳಿಸಲು ಅದನ್ನು ಎರಡು ಪದರಕ್ಕೆ ಇಳಿಸಿದರೆ ಅಂತರ 1.6 ಮಿಲಿಮೀಟರಾಗುತ್ತದೆ. ಮೇಲಿನಿಂದ ನೋಡಿದರೆ ಚಿತ್ರ ಒಂದೇ, ಪ್ರೇರಕತ್ವ ಮಾತ್ರ ಎಂಟು ಪಟ್ಟು. ಅಡುಗೆಯವನ ಹೆಸರು ನೋಡಿ ಹೋಟೆಲನ್ನು ಕೊಂಡಂತೆ!

ಇನ್ನು ಹಣದ ಮಾತು. ಸಣ್ಣ ಕಾರ್ಖಾನೆಯು ಹಲಗೆಯ ಮೇಲೆ ಭಾಗಗಳನ್ನು ಜೋಡಿಸುವ ಯಂತ್ರಕ್ಕೆ ಸಾಲ ಕೇಳಿದರೆ ಬ್ಯಾಂಕಿಗೆ ಕಷ್ಟವಿಲ್ಲ. ದರಪಟ್ಟಿ ಇದೆ, ಯಂತ್ರ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಬ್ಯಾಂಕಿನ ಹೆಸರಿನ ಫಲಕ ಅಂಟಿಸಬಹುದು, ವಿಮೆ ಇಳಿಸಬಹುದು, ಕೊನೆಗೆ ಹರಾಜು ಹಾಕಬಹುದು. ಅದೇ ಕಾರ್ಖಾನೆಯು ಆರು ತಿಂಗಳು ಒಬ್ಬ ತರಬೇತಾದ ಇಂಜಿನಿಯರನನ್ನು ಕೂಡಿಸಿ ಹಲಗೆಯ ಪ್ರತಿರೂಪಣ ಮಾಡಿಸುತ್ತೇನೆಂದು, ಅದಕ್ಕೆ ಸಾಫ್ಟ್‌ವೇರಿನ ಪರವಾನಗಿ ಬೇಕೆಂದು ಕೇಳಿದರೆ ಮೇಜಿನ ಹಿಂದಿನವರ ಹುಬ್ಬು ಮೇಲೇರುತ್ತದೆ. ಕಾಣದ ಆಸ್ತಿಗೆ ಭದ್ರತೆಯೆಲ್ಲಿ? ಕಾರ್ಖಾನೆಯ ನಿವ್ವಳ ಮೌಲ್ಯವನ್ನು ಗಣಿಸುವಾಗ ಅಮೂರ್ತ ಆಸ್ತಿಗಳನ್ನು ಕಳೆದುಬಿಡುವುದು ಬ್ಯಾಂಕುಗಳ ಸಂಪ್ರದಾಯ. ಈ ಎಚ್ಚರಿಕೆ ಅಕಾರಣವಾದುದೇನೂ ಅಲ್ಲ. ಠೇವಣಿದಾರರ ಹಣಕ್ಕೆ ಹೊಣೆಗಾರನಾದವನು ಗಾಳಿಗೆ ಸಾಲ ಕೊಡಲಾರ.

ಆದರೆ ದುಡಿಯುವ ಬಂಡವಾಳದ ಸಾಲದತ್ತ ದೃಷ್ಟಿ ಹಾಯಿಸಿದರೆ ವಿಚಿತ್ರವೊಂದು ಕಾಣುತ್ತದೆ. ತಿಂಗಳು ತಿಂಗಳು ಸಲ್ಲಿಸುವ ದಾಸ್ತಾನು ಪಟ್ಟಿಯಲ್ಲಿ ತಯಾರಿಯ ಹಂತದಲ್ಲಿರುವ ಹಲಗೆಗಳೆಲ್ಲ ಖರ್ಚಿನ ಬೆಲೆಗೆ ಲೆಕ್ಕಕ್ಕೆ ಬರುತ್ತವೆ. ಪರೀಕ್ಷೆಯಲ್ಲಿ ಸುಟ್ಟವು, ಗಿರಾಕಿ ಹಿಂದಿರುಗಿಸಿದವು, ತಿದ್ದುಪಡಿಗಾಗಿ ಮೂಲೆಯಲ್ಲಿ ಪೇರಿಸಿಟ್ಟವು ಇವುಗಳನ್ನು ಬೇರ್ಪಡಿಸಿ ತೋರಿಸದಿದ್ದರೆ ತಪಾಸಣೆಗೆ ಹೋದ ಅಧಿಕಾರಿಗೆ ಹಸಿರು ಹಲಗೆಗಳೆಲ್ಲ ಒಂದೇ ತೆರನಾಗಿ ಕಾಣುತ್ತವೆ. ಅಂದರೆ ಹಲಗೆ ಸುಡದಂತೆ ತಡೆಯುವ ಲೆಕ್ಕಾಚಾರಕ್ಕೆ ಸಾಲವಿಲ್ಲ. ಸುಟ್ಟ ಹಲಗೆಯ ಮೇಲೆ ಸಾಲವುಂಟು! ಯಂತ್ರಕ್ಕೆ ಹರಾಜಿನ ಬೆಲೆಯಿದೆಯೆಂದು ನೆಮ್ಮದಿಪಡುವವರು ಇದನ್ನು ಯೋಚಿಸಬೇಕು: ತಯಾರಾದ ಮಾಲು ತಂಡ ತಂಡವಾಗಿ ವಾಪಸು ಬಂದ ಕಾರ್ಖಾನೆಯಲ್ಲಿ ಯಂತ್ರವಿದ್ದೂ ಕಂತು ಬಾರದು. ಕಂತು ನಿಂತು ತೊಂಬತ್ತು ದಿನ ದಾಟಿದರೆ ಸಾಲದ ಖಾತೆಗೆ ಯಾವ ಹೆಸರು ಬರುತ್ತದೆಂದು ಬ್ಯಾಂಕಿನವರಿಗೆ ಹೇಳಬೇಕಾಗಿಲ್ಲ.

ಖರ್ಚು ಕೂಡ ಭಾವಿಸಿದಷ್ಟು ದೊಡ್ಡದಲ್ಲ. ದೊಡ್ಡ ಸಂಸ್ಥೆಗಳು ಬಳಸುವ ಸಾಫ್ಟ್‌ವೇರುಗಳ ಬೆಲೆ ಲಕ್ಷಗಟ್ಟಲೆ ಎಂಬುದು ನಿಜ. ಆದರೆ ಅಮೆರಿಕದ ಎಂಐಟಿಯಲ್ಲಿ 1990ರ ದಶಕದಲ್ಲಿ ರಚಿತವಾದ ಫಾಸ್ಟ್‌ಹೆನ್ರಿ ಎಂಬ ಪ್ರೇರಕತ್ವ ಗಣಿಸುವ ಸಾಧನವೂ, ಓಪನ್‌ಇಎಂಎಸ್ ಎಂಬ ಕ್ಷೇತ್ರಗಣನೆಯ ಸಾಧನವೂ, ಹಲಗೆ ಬಿಡಿಸುವ ಕಿಕ್ಯಾಡ್ ಎಂಬುದೂ ಉಚಿತವಾಗಿಯೇ ದೊರೆಯುತ್ತವೆ. ದೊರೆಯದಿರುವುದು ಅವನ್ನು ಬಲ್ಲ ಮನುಷ್ಯ. ತಪ್ಪು ಅಂಕಿ ಉಣಿಸಿದರೆ ಗಣಕವು ಬಣ್ಣಬಣ್ಣದ ತಪ್ಪು ಚಿತ್ರವನ್ನೇ ಬಿಡಿಸಿ ಕೊಡುತ್ತದೆ. ಲೆಕ್ಕವನ್ನು ಅಳತೆಯೊಡನೆ ತಾಳೆ ನೋಡುವ ಶಿಸ್ತು ಬೇಕು. ನವಿಮುಂಬಯಿಯ ಖಾರ್ಘರಿನಲ್ಲಿ ಸಮೀರ್ ಎಂಬ ಕೇಂದ್ರ ಸರಕಾರದ ಸಂಶೋಧನ ಸಂಸ್ಥೆಯ ಆವರಣವಿದೆ. ನೇರೂಳ, ವಾಶಿ, ಥಾಣೆಗಳಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟಿಗಾಗಿ ಯಾರೋ ಮಾಡಿಟ್ಟುದನ್ನು ಕೊಂಡು ಒಪ್ಪಿಸುವ ಬದಲು ಮಹಾಪೆಯ ಒಂದು ಕಾರ್ಖಾನೆಯ ಒಂದು ಹಲಗೆಯನ್ನು ಎತ್ತಿಕೊಂಡು ಪ್ರತಿರೂಪಿಸಿ, ಅಳೆದು, ಭೇದವನ್ನು ವಿವರಿಸಿದರೆ ಇಬ್ಬರಿಗೂ ಲಾಭ. ಥಾಣೆ-ಬೇಲಾಪುರ, ಕಲ್ಯಾಣ-ಅಂಬರನಾಥ ಭಾಗಗಳ ಕೈಗಾರಿಕಾ ಸಂಘಗಳು ಮನಸ್ಸು ಮಾಡಿದರೆ ಸಣ್ಣ ಘಟಕಗಳಿಗೆ ಕೂಡುಸೌಲಭ್ಯ ಕೇಂದ್ರ ಸ್ಥಾಪಿಸಲು ಸರಕಾರದ ಯೋಜನೆಯ ನೆರವೂ ಉಂಟು.

ಕಾನೂನು ಬರುವ ತನಕ ಕಾಯೋಣವೆನ್ನುವವರೂ ಇದ್ದಾರೆ. ಯುರೋಪಿನ ರಾಷ್ಟ್ರಗಳು 1996ರ ಜನವರಿಯಿಂದಲೇ ವಿದ್ಯುತ್ಕಾಂತೀಯ ಕಲ್ಮಷದ ಮಿತಿ ಮೀರಿದ ಉಪಕರಣಗಳಿಗೆ ಮಾರುಕಟ್ಟೆಯ ಬಾಗಿಲು ಮುಚ್ಚಿವೆ. ಭಾರತದಲ್ಲಿ ಚಾರ್ಜರು ಮೊದಲಾದುವುಗಳಿಗೆ 2012ರ ಆದೇಶದಂತೆ ನೋಂದಣಿ ಕಡ್ಡಾಯವಾಯಿತಾದರೂ ಅದರ ಮುಖ್ಯ ದೃಷ್ಟಿ ಷಾಕು, ಬೆಂಕಿ ಮುಂತಾದ ಅಪಾಯಗಳ ಮೇಲೆ. ರಫ್ತಿನ ಆಸೆಯುಳ್ಳವನು ಯುರೋಪಿನ ಪರೀಕ್ಷೆಯನ್ನು ಎದುರಿಸಲೇಬೇಕು. ಪರೀಕ್ಷಾಲಯದ ಬಾಗಿಲಲ್ಲಿ ಅನುತ್ತೀರ್ಣನಾಗಿ ಹಲಗೆಯನ್ನು ಮರುರಚಿಸುವುದಕ್ಕಿಂತ ದುಬಾರಿಯಾದ ಪಾಠಶಾಲೆ ಇನ್ನೊಂದಿಲ್ಲ.

ಈ ಸಂಚಿಕೆಯ ಪುಟಗಳಲ್ಲಿ ವೈದ್ಯರ ಲೇಖನಗಳಿರುವುದರಿಂದ ಆರೋಗ್ಯದ ಮಾತನ್ನೂ ಸೇರಿಸಬೇಕು. ಈ ಉಪಕರಣಗಳ ಸುತ್ತಣ ಕ್ಷೇತ್ರವು ಎಕ್ಸ್-ಕಿರಣದ ಜಾತಿಯದಲ್ಲ. ದೀಪ ಉರಿಸಿದರೆ ಕಾಯಿಲೆ ಬರುತ್ತದೆಂಬ ಭಯ ನಿರಾಧಾರ. ಆದರೆ ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡ ಹಿರಿಯರು ಇಂದು ಪ್ರತಿಯೊಂದು ಹೌಸಿಂಗ್ ಸೊಸೈಟಿಯಲ್ಲಿಯೂ ಇದ್ದಾರೆ. ಇಂಡಕ್ಷನ್ ಒಲೆಯು ಸುಮಾರು 20ರಿಂದ 100 ಕಿಲೊಹರ್ಟ್ಸಿನ ಕಾಂತಕ್ಷೇತ್ರದಿಂದಲೇ ಪಾತ್ರೆಯನ್ನು ಕಾಯಿಸುವ ಸಾಧನ. ಪೇಸ್‌ಮೇಕರಿಗೂ ಉರಿಯುತ್ತಿರುವ ಒಲೆಗೂ ನಡುವೆ 60 ಸೆಂಟಿಮೀಟರ್, ಎಂದರೆ ಎರಡಡಿ, ಅಂತರವಿರಲೆಂದು ಬ್ರಿಟಿಷ್ ಹಾರ್ಟ್ ಫೌಂಡೇಶನ್ ಸಲಹೆ ಮಾಡುತ್ತದೆ. ಮೊಬೈಲನ್ನು ಎದೆಯ ಜೇಬಿನಲ್ಲಿಡದೆ 15 ಸೆಂಟಿಮೀಟರ್ ದೂರವಿಡುವುದೂ ವಿಹಿತ. ಉಳಿದ ವಿಚಾರದಲ್ಲಿ ಅವರವರ ವೈದ್ಯರ ಮಾತೇ ಪ್ರಮಾಣ. ಇನ್ನು ಡೊಂಬಿವಲಿ, ಕಲ್ಯಾಣಗಳ ಹಳೆಯ ಕಟ್ಟಡಗಳಲ್ಲಿ ಮೂರನೆಯ ಕಣ್ಣಿನ ಭೂಸಂಪರ್ಕವು ಹೆಸರಿಗೆ ಮಾತ್ರ ಇರುವುದುಂಟು. ಕಲ್ಮಷವನ್ನು ಸೋಸುವ ಧಾರಕಗಳು ಅದನ್ನು ಭೂಮಿಯ ತಂತಿಗೆ ಸಾಗಹಾಕುತ್ತವೆ. ತಂತಿಯೇ ಇಲ್ಲದಿದ್ದರೆ ಉಪಕರಣದ ಲೋಹದ ಮೈ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತದೆ. ಅಂತಹ ಅನುಭವವಾದ ಮನೆಯವರು ಉಪಕರಣವನ್ನು ದೂರುವ ಮುನ್ನ ಪರವಾನಗಿಯುಳ್ಳ ವಯರ್‌ಮನ್ನನನ್ನು ಕರೆಸಿ ಭೂಸಂಪರ್ಕವನ್ನು ಪರೀಕ್ಷಿಸಬೇಕು. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಬಣ್ಣ ಬಳಿಯುವ ಚರ್ಚೆಗೆ ಮೀಸಲಾದ ಎರಡು ಗಂಟೆಯಲ್ಲಿ ಹತ್ತು ನಿಮಿಷವನ್ನು ಇದಕ್ಕೆ ಕೊಡಬಹುದು.

ಬ್ಯಾಂಕಿನ ಮೇಜಿಗೆ ಮರಳುವುದಾದರೆ, ವಿನ್ಯಾಸದ ಖರ್ಚನ್ನು ಪ್ರತ್ಯೇಕ ಸಾಲವೆಂದು ಭಾವಿಸದೆ ಯೋಜನೆಯ ಒಟ್ಟು ವೆಚ್ಚದ ಒಂದು ಭಾಗವಾಗಿ, ಯಂತ್ರದ ಜೊತೆಯಲ್ಲಿಯೇ, ಪರಿಗಣಿಸುವುದು ಸಾಧ್ಯವಿದೆ. ಭದ್ರತೆಯ ಕೊರತೆಗೆ 2000ದಲ್ಲಿ ಸ್ಥಾಪಿತವಾದ ಸಣ್ಣ ಉದ್ಯಮಗಳ ಸಾಲ ಖಾತರಿ ನಿಧಿಯ ಆಸರೆಯಿದೆ. ಹಲಗೆಯ ಪ್ರತಿರೂಪಣದ ವರದಿಯನ್ನೂ ಅಳತೆಯ ವರದಿಯನ್ನೂ ಲಗತ್ತಿಸಿದ ಅರ್ಜಿಯನ್ನು, ಅವೆರಡೂ ಇಲ್ಲದ ಅರ್ಜಿಗಿಂತ ಹೆಚ್ಚು ಭದ್ರವೆಂದು ಶಿಫಾರಸು ಟಿಪ್ಪಣಿಯಲ್ಲಿ ಕಾಣಿಸಲು ಅಡ್ಡಿಯೇನು? ಮಾರ್ಚಿಯ ಲೆಕ್ಕ ಮುಗಿದೊಡನೆ ನವೀಕರಣದ ಕಡತಗಳು ಬರತೊಡಗುತ್ತವೆ. ಈ ವರ್ಷ ದಾಸ್ತಾನು ಪಟ್ಟಿಯೊಡನೆ ಸುಟ್ಟ ಹಾಗೂ ಹಿಂದಿರುಗಿದ ಹಲಗೆಗಳ ಸಂಖ್ಯೆಯನ್ನು ಬೇರೊಂದು ಅಂಕಣದಲ್ಲಿ ಕೇಳುವುದರಿಂದ ಆರಂಭಿಸಬಹುದು.